ಜಿರಳೆ, ಇಲಿ, ಸೊಳ್ಳೆ: ವಿಷವಿಲ್ಲದೆ ದೂರವಿಡುವುದು ಹೇಗೆ?

ಮಳೆಗಾಲ ಹತ್ತಿರ ಬರುತ್ತಿದ್ದಂತೆ ಊರಿನ ಅಂಗಡಿಗಳಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಕೆಲವು ವಸ್ತುಗಳು ಬಂದು ಕೂರುತ್ತವೆ. ಇಲಿ ಪೇಸ್ಟಿನ ಟ್ಯೂಬ್, ಇರುವೆ ಚಾಕ್, ಸೊಳ್ಳೆ ಬತ್ತಿ, ಜಿರಳೆ ಸ್ಪ್ರೇ, ಬಟ್ಟೆಗಿಡುವ ನುಸಿಗುಳಿಗೆ. ಬಿಸ್ಕತ್ತು, ಚಾಕಲೇಟುಗಳ ನಡುವೆಯೇ ಇವೂ ಇರುತ್ತವೆ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡ ತಾಯಿ ಒಂದೇ ಚೀಲದಲ್ಲಿ ಎರಡನ್ನೂ ಹಾಕಿಸಿಕೊಂಡು ಮನೆಗೆ ಬರುತ್ತಾಳೆ.

ಇವುಗಳನ್ನು ನಾವು ವಿಷವೆಂದು ಕರೆಯುವುದೇ ಇಲ್ಲ. "ಇಲಿಗೆ ಮದ್ದು ಇಟ್ಟಿದ್ದೇವೆ", "ಜಿರಳೆಗೆ ಮದ್ದು ಹೊಡೆಸಿದೆವು" ಎನ್ನುತ್ತೇವೆ. ಮದ್ದು ಕೊಟ್ಟೇ ಬದುಕುವ ನನಗೆ ಈ ಮಾತು ಕೇಳಿದಾಗಲೆಲ್ಲ ಕಿರಿಕಿರಿಯಾಗುತ್ತದೆ. ಮಾತಿನ ತಪ್ಪು ಮಾತಿನಲ್ಲೇ ಉಳಿದರೆ ಚಿಂತೆಯಿರಲಿಲ್ಲ. ಮದ್ದು ಎಂದು ಕರೆದ ವಸ್ತುವನ್ನು ಮದ್ದಿನಂತೆಯೇ ಕಪಾಟಿನಲ್ಲಿ ಇಡುತ್ತೇವೆ, ಸಕ್ಕರೆ ಡಬ್ಬದ ಪಕ್ಕ ಇಡುತ್ತೇವೆ, ಮಗುವಿನ ಕೈಗೆಟಕುವಲ್ಲಿ ಇಡುತ್ತೇವೆ.

ಹಾಗಾಗಿ ಜಿರಳೆ, ಇಲಿಗಳ ವಿಚಾರಕ್ಕೆ ಹೋಗುವ ಮೊದಲು ಈ "ಮದ್ದು"ಗಳೊಳಗೆ ಏನಿದೆ ಎಂದು ನೋಡೋಣ.

ಟ್ಯೂಬಿನೊಳಗೆ ಇರುವುದೇನು?

ನಮ್ಮಲ್ಲಿ ಮಾರಾಟವಾಗುವ ಅನೇಕ ಇಲಿ ಪೇಸ್ಟುಗಳಲ್ಲಿ ಇರುವುದು ಹಳದಿ ರಂಜಕ. ಅದನ್ನು ಟೊಮೆಟೊ ಹೋಳಿಗೋ ಬ್ರೆಡ್ಡಿಗೋ ಒಣಮೀನಿಗೋ ಸವರಿ ರಾತ್ರಿ ಮೂಲೆಯಲ್ಲಿಡುತ್ತಾರೆ. ಬೆಳಿಗ್ಗೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಅಂಬೆಗಾಲಿಕ್ಕುವುದು ಮಗು. ಟ್ಯೂಬ್ ನೋಡಲು ಟೂತ್‌ಪೇಸ್ಟಿನಂತೆಯೇ ಇರುವುದರಿಂದ ಅರೆನಿದ್ದೆಯಲ್ಲಿ ಅದರಿಂದಲೇ ಹಲ್ಲುಜ್ಜಿ ಪ್ರಾಣ ಕಳೆದುಕೊಂಡವರ ಸುದ್ದಿಯನ್ನು ನಮ್ಮ ಜಿಲ್ಲೆಗಳ ಪತ್ರಿಕೆಗಳಲ್ಲಿ ನೀವೂ ಓದಿರಬಹುದು.

ಈ ವಿಷದ ನಡೆ ಮೋಸದ್ದು. ತಿಂದ ಕೆಲವು ಗಂಟೆಗಳಲ್ಲಿ ವಾಂತಿ, ಹೊಟ್ಟೆನೋವು ಬರಬಹುದು, ಬಾರದೆಯೂ ಇರಬಹುದು. ಆಮೇಲೆ ಒಂದೆರಡು ದಿನ ಮಗು ಚೆನ್ನಾಗಿಯೇ ಆಡಿಕೊಂಡಿರುತ್ತದೆ. "ಏನೂ ಆಗಲಿಲ್ಲ, ಅಲ್ಲಾಹನ ಕೃಪೆ" ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಕಣ್ಣು ಹಳದಿಯಾಗಿ, ರಕ್ತಸ್ರಾವವಾಗಿ, ಮಗುವಿಗೆ ಮಂಪರು ಹಿಡಿಯುವಾಗ ಆಸ್ಪತ್ರೆಯಲ್ಲೂ ಮಾಡಲು ಉಳಿಯುವುದು ಬಹಳ ಕಡಿಮೆ. ಈ ವಿಷಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ.

ಆದ್ದರಿಂದ ಬಾಯಿಗೆ ಹಾಕಿಕೊಂಡಿರಬಹುದು ಎಂಬ ಸಂಶಯವಿದ್ದರೂ ಸಾಕು, ಲಕ್ಷಣಕ್ಕೆ ಕಾಯದೆ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ. ನನ್ನಂಥ ಹಕೀಮರ ಬಳಿಗೆ ಬರಬೇಡಿ, ಅದು ನಮ್ಮ ಚಿಕಿತ್ಸೆಯ ವಿಷಯವಲ್ಲ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಹಾಲು, ತುಪ್ಪ, ತೆಂಗಿನೆಣ್ಣೆ ಯಾವುದನ್ನೂ ಕುಡಿಸಬೇಡಿ. ರಂಜಕ ಕೊಬ್ಬಿನಲ್ಲಿ ಕರಗುತ್ತದೆ, ಎಣ್ಣೆಯ ಜೊತೆ ಇನ್ನೂ ಬೇಗ ರಕ್ತಕ್ಕೆ ಸೇರುತ್ತದೆ. ಕೊಂಡೊಯ್ಯಬೇಕಾದದ್ದು ಆ ಟ್ಯೂಬನ್ನು ಅಥವಾ ಅದರ ಪೆಟ್ಟಿಗೆಯನ್ನು. ಯಾವ ವಿಷವೆಂದು ಗೊತ್ತಾದರೆ ವೈದ್ಯರ ಅರ್ಧ ಕೆಲಸ ಹಗುರವಾಗುತ್ತದೆ.

ಇನ್ನೊಂದು, ಅಕ್ಕಿಗೆ ಹುಳ ಬಾರದಿರಲು ಇಡುವ ಗುಳಿಗೆ. ಗೋದಾಮುಗಳಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಅದು. ತರಬೇತಿ ಪಡೆದವರಷ್ಟೇ ಬಳಸಬೇಕಾದ ವಸ್ತು. ಆದರೂ ಯಾರದೋ ಪರಿಚಯದಿಂದ ಮನೆಗೆ ತಂದು, ಬಟ್ಟೆಯಲ್ಲಿ ಕಟ್ಟಿ, ಅಕ್ಕಿ ಡ್ರಮ್ಮಿನೊಳಗೆ ಇಡುವವರಿದ್ದಾರೆ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಎಂಬ ಅನಿಲ ಹೊರಡುತ್ತದೆ. ಆ ಡ್ರಮ್ಮಿರುವ ಕೋಣೆಯ ಕಿಟಕಿ ಮುಚ್ಚಿ ಮಲಗಿದವರ ಪ್ರಾಣಕ್ಕೇ ಅಪಾಯ. ಇದಕ್ಕೂ ಪ್ರತಿವಿಷವಿಲ್ಲ. ನಿಮ್ಮ ಮನೆಯಲ್ಲಿ ಇದ್ದರೆ ನೀರು ಹಾಕಬೇಡಿ, ಚರಂಡಿಗೆ ಎಸೆಯಬೇಡಿ. ಕಿಟಕಿ ಬಾಗಿಲು ತೆರೆದಿಟ್ಟು ಎಲ್ಲರೂ ಹೊರಬನ್ನಿ, ಕೃಷಿ ಇಲಾಖೆಯವರನ್ನೋ ಅಗ್ನಿಶಾಮಕ ಠಾಣೆಯವರನ್ನೋ ಕೇಳಿ ಅವರು ಹೇಳಿದಂತೆ ಮಾಡಿ.

ಇರುವೆ ಚಾಕಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಸೀಮೆಸುಣ್ಣದ ರೂಪದಲ್ಲಿ ವಿಷವನ್ನು ತಂದಿಡುವುದು ಯಾವ ಬುದ್ಧಿವಂತಿಕೆ?

ಸೊಳ್ಳೆ ಬತ್ತಿಯ ಹೊಗೆಯನ್ನು ಅಳೆದು ನೋಡಿದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಗಿದೆ. ಒಂದು ಬತ್ತಿ ಪೂರ್ತಿ ಉರಿದಾಗ ಹೊರಬರುವ ಅತಿಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳಿಂದ ಬರುವಷ್ಟು ಎಂದು ಅದರಲ್ಲಿ ಕಂಡುಬಂತು. ಸಿಗರೇಟು ಸೇದುವ ಗಂಡನನ್ನು ಅಂಗಳಕ್ಕೆ ಕಳಿಸುವ ಮನೆಯಲ್ಲೇ ಬತ್ತಿ ತೊಟ್ಟಿಲ ಕೆಳಗೆ ಉರಿಯುತ್ತಿರುತ್ತದೆ.

ನುಸಿಗುಳಿಗೆಯ ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ದೊಡ್ಡ ಮಗುವಿನ ಬಟ್ಟೆ, ಉಣ್ಣೆಯ ಟೋಪಿಗಳನ್ನು ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಟ್ಟು, ಮುಂದಿನ ಬಾಣಂತನಕ್ಕೆ ತೆಗೆದು ಎಳೆ ಮಗುವಿಗೆ ಸುತ್ತುವ ರೂಢಿ ನಮ್ಮಲ್ಲಿದೆ. ಕೆಲವು ಮಕ್ಕಳಿಗೆ, ಅದರಲ್ಲೂ ಗಂಡುಮಕ್ಕಳಿಗೆ, ಹುಟ್ಟಿನಿಂದಲೇ ಜಿ-6-ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥ ಮಗು ನ್ಯಾಫ್ತಲಿನ್ ವಾಸನೆಯ ಬಟ್ಟೆಯಲ್ಲಿ ಮಲಗಿದರೆ ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಬರಬಹುದು. ಕೊರತೆ ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿಸದೆ ತಿಳಿಯದು. ಆದ್ದರಿಂದ ಮಗುವಿನ ಬಟ್ಟೆಯ ಹತ್ತಿರ ಅದು ಬೇಡವೇ ಬೇಡ. ಚೆನ್ನಾಗಿ ಒಗೆದು, ಬಿಸಿಲಿನಲ್ಲಿ ಗರಿಗರಿಯಾಗುವಷ್ಟು ಒಣಗಿಸಿ, ಮುಚ್ಚಳ ಬಿಗಿಯಾದ ಡಬ್ಬದಲ್ಲಿಟ್ಟರೆ ಸಾಕು. ನುಸಿ ಹಿಡಿಯುವುದು ಬೆವರು, ಎಣ್ಣೆ ಅಂಟಿದ ಬಟ್ಟೆಯನ್ನು.

ಅವು ನಮ್ಮ ಮನೆಗೆ ಬರುವುದೇಕೆ?

ಯೂನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಹೇಳುತ್ತಾರೆ, ಅಸ್ಬಾಬೆ ಸಿತ್ತಾ ಝರೂರಿಯ್ಯಾ. ಅವುಗಳಲ್ಲಿ ಮೊದಲನೆಯದು ಗಾಳಿ, ಎರಡನೆಯದು ಅನ್ನಪಾನ. ಮನೆಯೊಳಗಿನ ಕೀಟವನ್ನು ಓಡಿಸಲು ಗಾಳಿಗೆ ವಿಷ ಬೆರೆಸುವುದು, ಅನ್ನದ ಪಕ್ಕ ವಿಷ ಇಡುವುದು ಎಂದರೆ ಈ ಎರಡನ್ನೂ ನಾವೇ ಕೆಡಿಸಿದಂತೆ. ಹಳೆಯ ಗ್ರಂಥಗಳೂ ಕೀಟಗಳ ವಿಚಾರವನ್ನು ಬಿಟ್ಟಿಲ್ಲ. ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್'ನ ನಾಲ್ಕನೆಯ ಸಂಪುಟದಲ್ಲಿ ವಿಷಗಳ ಬಗ್ಗೆ ಬರೆಯುವಾಗ ಉಪದ್ರವಿ ಜಂತುಗಳನ್ನು ಓಡಿಸುವ ಬಗೆಯನ್ನೂ ಹೇಳುತ್ತಾರೆ. ಅಲ್ಲಿ ಹೊಗೆ ಹಾಕುವ ವಿಧಾನಗಳೂ ಇವೆ. ಆದರೆ ಅಂದಿನ ಮನೆಗಳೇ ಬೇರೆ. ಜನ್ನತುಲ್ ಫಿರ್ದೌಸ್ ಅತ್ತರಿನಂತೆ ಪರಿಮಳಿಸಿದರೂ ಲೋಬಾನದ ಹೊಗೆಯೂ ಹೊಗೆಯೇ. ಮುಚ್ಚಿದ ಕಾಂಕ್ರೀಟ್ ಕೋಣೆಯಲ್ಲಿ, ದಮ್ಮಿರುವ ಮಗುವಿನ ಪಕ್ಕ, ಅದನ್ನು ಹಾಕಲು ನಾನು ಹೇಳಲಾರೆ.

ಯಾವ ಜೀವಿಯೂ ನಮ್ಮ ಮೇಲಿನ ಹಗೆಯಿಂದ ಮನೆಗೆ ಬರುವುದಿಲ್ಲ. ತಿನ್ನಲು ಏನೋ ಇದೆ, ಕುಡಿಯಲು ನೀರಿದೆ, ಅಡಗಲು ಜಾಗವಿದೆ. ಈ ಮೂರರಲ್ಲಿ ಎರಡನ್ನು ತಪ್ಪಿಸಿದರೂ ಅವು ಬೇರೆ ಮನೆ ನೋಡಿಕೊಳ್ಳುತ್ತವೆ. ಈ ಮೂರನ್ನೂ ಹಾಗೆಯೇ ಬಿಟ್ಟು ಎಷ್ಟು ವಿಷ ಹೊಡೆಸಿದರೂ ಸತ್ತವುಗಳ ಜಾಗಕ್ಕೆ ಪಕ್ಕದ ಮೋರಿಯಿಂದ ಹೊಸವು ಬರುತ್ತವೆ.

ಜಿರಳೆ

ಮೊದಲು ಯಾವ ಜಿರಳೆ ಎಂದು ನೋಡಿ. ಹೆಬ್ಬೆರಳಿನಷ್ಟು ಉದ್ದದ ಕೆಂಚು ಜಿರಳೆ ಸಾಮಾನ್ಯವಾಗಿ ಬಚ್ಚಲ ಮೋರಿ, ಒಳಚರಂಡಿ, ಶೌಚದ ಗುಂಡಿಯಿಂದ ಬರುತ್ತದೆ. ಅದಕ್ಕೆ ದಾರಿ ಮುಚ್ಚಿದರೆ ಸಾಕು. ಮೋರಿಯ ತೂತಿಗೆ ಒತ್ತಾದ ಜಾಲರಿ, ರಾತ್ರಿ ಅದರ ಮೇಲೊಂದು ಮುಚ್ಚಳ, ಸಿಂಕಿನ ಕೆಳಗೆ ಪೈಪು ಗೋಡೆಗೆ ಹೊಕ್ಕಲ್ಲಿ ಸಿಮೆಂಟು. ಬೆರಳಿನ ಗೆಣ್ಣಿಗಿಂತ ಚಿಕ್ಕದಾದ, ತಿಳಿಕಂದು ಬಣ್ಣದ, ತಲೆಯ ಹಿಂದೆ ಎರಡು ಕಪ್ಪು ಗೆರೆಗಳಿರುವ ಜಿರಳೆಯಾದರೆ ಅದು ಹೊರಗಿನದಲ್ಲ. ನಿಮ್ಮ ಅಡುಗೆಮನೆಯಲ್ಲೇ ಸಂಸಾರ ಹೂಡಿದೆ. ಫ್ರಿಜ್ಜಿನ ಮೋಟಾರಿನ ಬಳಿ, ಮಿಕ್ಸಿಯ ತಳದಲ್ಲಿ, ಗ್ಯಾಸ್ ಸ್ಟವ್ ಅಡಿಯಲ್ಲಿ, ಕಪಾಟಿನ ಕೀಲಿನ ಸಂದಿನಲ್ಲಿ ನೋಡಿ. ಒಂದು ಹೆಣ್ಣು ಹೊರುವ ಒಂದೇ ಮೊಟ್ಟೆಚೀಲದಲ್ಲಿ 30ರಿಂದ 40 ಮರಿಗಳಿರುತ್ತವೆ. ಈ ಜಾತಿ ಹಲವು ಸ್ಪ್ರೇಗಳಿಗೆ ಒಗ್ಗಿಹೋಗಿದೆ. ಹಾಗಾಗಿ ಸ್ಪ್ರೇ ಹೊಡೆದಾಗ ಕೆಲವು ಸಾಯುತ್ತವೆ, ಉಳಿದವು ಪಕ್ಕದ ಕೋಣೆಗೆ ಓಡುತ್ತವೆ.

ಜಿರಳೆ ಅನ್ನವಿಲ್ಲದೆ ಒಂದು ತಿಂಗಳಾದರೂ ಬದುಕಬಲ್ಲದು. ನೀರಿಲ್ಲದೆ ಒಂದೆರಡು ವಾರ ದಾಟುವುದು ಕಷ್ಟ. ಇದನ್ನು ನೆನಪಿಡಿ. ಮಲಗುವ ಮುನ್ನ ಸಿಂಕನ್ನು ಒಣಬಟ್ಟೆಯಿಂದ ಒರೆಸಿ. ಸೋರುವ ನಲ್ಲಿಯ ವಾಷರ್ ಬದಲಾಯಿಸಿ. ಪಾತ್ರೆ ಉಜ್ಜುವ ಒದ್ದೆ ನಾರನ್ನು, ಒದ್ದೆ ಕೈಬಟ್ಟೆಯನ್ನು ಹೊರಗೆ ಒಣಹಾಕಿ. ಜಿರಳೆಗೆ ರಾತ್ರಿಯಿಡೀ ನೀರು ಸಿಗುವುದು ಇವುಗಳಿಂದಲೇ.

ನಮ್ಮ ಮನೆಗಳಲ್ಲಿ ರಮಝಾನಿನಲ್ಲಿ ಜಿರಳೆ ಹೆಚ್ಚುತ್ತದೆ ಎಂದು ಅನೇಕ ಸಹೋದರಿಯರು ಹೇಳುತ್ತಾರೆ. ಕಾರಣ ಸರಳ. ಜಿರಳೆ ರಾತ್ರಿ ಸಂಚಾರಿ. ಉಳಿದ ತಿಂಗಳುಗಳಲ್ಲಿ ಹತ್ತು ಗಂಟೆಗೆ ಮುಚ್ಚುವ ಅಡುಗೆಮನೆ ಆ ತಿಂಗಳಲ್ಲಿ ಇಫ್ತಾರಿನಿಂದ ಸಹರಿವರೆಗೆ ತೆರೆದೇ ಇರುತ್ತದೆ. ತರಾವೀಹ್‌ಗೆ ಹೊತ್ತಾಯಿತೆಂದು ಎಂಜಲು ಪಾತ್ರೆಗಳನ್ನು ಸಿಂಕಿನಲ್ಲಿ ಬಿಡುತ್ತೇವೆ. ಖರ್ಜೂರದ ಬೀಜ, ಶರಬತ್ತಿನ ಲೋಟ, ಎಣ್ಣೆಯಲ್ಲಿ ಕರಿದ ತಿಂಡಿಯ ಚೂರುಗಳು ಹಾಗೇ ಇರುತ್ತವೆ. ಉಪವಾಸವಿದ್ದು ದಿನವಿಡೀ ಅಡುಗೆ ಮಾಡಿದ ಹೆಂಗಸೇ ಮತ್ತೆ ಪಾತ್ರೆಯನ್ನೂ ತೊಳೆಯಬೇಕು ಎಂದು ನಾನು ಹೇಳುತ್ತಿಲ್ಲ. ಗಂಡಸರು, ದೊಡ್ಡ ಮಕ್ಕಳು ತಾವು ಉಂಡ ತಟ್ಟೆಯನ್ನು ತೊಳೆದಿಟ್ಟೇ ಮಸೀದಿಗೆ ಹೊರಡಬಹುದು. ಹತ್ತು ನಿಮಿಷದ ಕೆಲಸ. ತೊಳೆಯಲು ಆಗದಿದ್ದರೆ ಪಾತ್ರೆಗಳನ್ನು ಸೋಪುನೀರು ತುಂಬಿದ ಬಕೆಟಿನಲ್ಲಿ ಮುಳುಗಿಸಿಡಿ.

ಇರುವವುಗಳನ್ನು ಹಿಡಿಯಲು ಅಗಲ ಬಾಯಿಯ ಗಾಜಿನ ಬಾಟಲಿ ಸಾಕು. ಒಳಗೆ ಬಾಳೆಹಣ್ಣಿನ ಸಿಪ್ಪೆ ಹಾಕಿ, ಕತ್ತಿನ ಒಳಭಾಗಕ್ಕೆ ವ್ಯಾಸಲಿನ್ ಸವರಿ, ಹೊರಗಿನಿಂದ ಹತ್ತಲು ಕಾಗದ ಸುತ್ತಿ, ಸಿಂಕಿನ ಕೆಳಗಿಡಿ. ಇಳಿದದ್ದು ಮೇಲೆ ಹತ್ತಲಾರದು. ಬೆಳಿಗ್ಗೆ ಸೋಪುನೀರು ಸುರಿದರೆ ಅವುಗಳ ಉಸಿರಾಟದ ರಂಧ್ರಗಳು ಮುಚ್ಚಿ ಬೇಗ ಸಾಯುತ್ತವೆ. ಓಡುವ ಜಿರಳೆಯ ಮೇಲೂ ಸೋಪುನೀರನ್ನೇ ಸಿಂಪಡಿಸಬಹುದು. ಹಳೆಯ ಪತ್ರಿಕೆಗಳ ಕಟ್ಟು, ಅಂಗಡಿಯಿಂದ ಬಂದ ರಟ್ಟಿನ ಪೆಟ್ಟಿಗೆಗಳನ್ನು ಅಡುಗೆಮನೆಯಿಂದ ಹೊರಗೆ ಹಾಕಿ. ಚಿಕ್ಕ ಜಿರಳೆ ಮನೆಗೆ ಬರುವುದು ಹೆಚ್ಚಾಗಿ ಆ ಪೆಟ್ಟಿಗೆಗಳ ಮಡಿಕೆಯಲ್ಲಿ ಕೂತು.

ರಾತ್ರಿ ಕೆಮ್ಮುವ, ಮೂಗು ಸೋರುವ ಮಕ್ಕಳನ್ನು ಕರೆತಂದಾಗ ನಾನು ಜಿರಳೆಯ ಬಗ್ಗೆ ಕೇಳುವುದುಂಟು. ಅದರ ಹಿಕ್ಕೆ, ಉದುರಿದ ಪೊರೆ, ಸತ್ತ ದೇಹದ ಪುಡಿ ದಮ್ಮನ್ನು ಕೆರಳಿಸುತ್ತವೆ. ಹಾಗಾಗಿ ಕೊಂದರೆ ಸಾಲದು, ಕಪಾಟಿನ ಹಿಂಬದಿಯನ್ನು ಒದ್ದೆಬಟ್ಟೆಯಿಂದ ಒರೆಸಿ ತೆಗೆಯಬೇಕು.

ಇಲಿ, ಹೆಗ್ಗಣ

ರಾತ್ರಿ ಪಾತ್ರೆಗಳನ್ನು ಮುಚ್ಚಿಡಿ, ದೀಪ ಆರಿಸಿ ಮಲಗಿ ಎಂಬ ಪ್ರವಾದಿವರ್ಯರ(ಸ) ಉಪದೇಶ ನಮಗೆಲ್ಲ ಗೊತ್ತು. ದೀಪ ಆರಿಸಲು ಹದೀಸ್‌ನಲ್ಲಿ ಕೊಟ್ಟ ಕಾರಣವೇ ಇಲಿ, ಅದು ಬತ್ತಿಯನ್ನು ಎಳೆದೊಯ್ದು ಮನೆಯವರನ್ನೇ ಸುಟ್ಟೀತು ಎಂದು. ಇಂದು ಎಣ್ಣೆದೀಪದ ಬತ್ತಿಯಿಲ್ಲ, ಆದರೆ ಇಲಿ ಕಡಿದ ವಿದ್ಯುತ್ ತಂತಿಯಿಂದ ಬೆಂಕಿ ಬೀಳುವುದು ನಿಂತಿಲ್ಲ. ಪಾತ್ರೆ ಮುಚ್ಚುವ ಮಾತಂತೂ ನಮ್ಮ ಕರಾವಳಿಯಲ್ಲಿ ಇಂದಿಗೂ ಜೀವ ಉಳಿಸುವಂಥದ್ದು.

ಇಲಿಜ್ವರ ಹರಡುವುದು ಇಲಿಯ ಮೂತ್ರದಿಂದ. ಮಳೆನೀರು ನಿಂತ ಅಂಗಳ, ಗದ್ದೆ, ಚರಂಡಿಯಲ್ಲಿ ಆ ರೋಗಾಣು ಬದುಕಿರುತ್ತದೆ. ಕಾಲಿನ ಸಣ್ಣ ಗಾಯ, ಬಿರುಕು ಬಿಟ್ಟ ಹಿಮ್ಮಡಿಯ ಮೂಲಕ ಒಳಹೊಗುತ್ತದೆ. ಮಳೆಗಾಲದ ಜ್ವರದ ಜೊತೆ ಮೀನಖಂಡದಲ್ಲಿ ಮುಟ್ಟಲಾಗದಷ್ಟು ನೋವು, ಕಣ್ಣು ಕೆಂಪಾಗುವುದು ಇದ್ದರೆ ಕಷಾಯ ಕುಡಿಯುತ್ತ ಕೂರಬೇಡಿ, ಅದೇ ದಿನ ರಕ್ತಪರೀಕ್ಷೆ ಮಾಡಿಸಿ. ಬೇಗ ಹಿಡಿದರೆ ಆ್ಯಂಟಿಬಯೋಟಿಕ್‌ನಿಂದ ಗುಣವಾಗುವ ಕಾಯಿಲೆ, ತಡವಾದರೆ ಮೂತ್ರಪಿಂಡಕ್ಕೂ ಯಕೃತ್ತಿಗೂ ಇಳಿಯುತ್ತದೆ. ಇಲಿ ಹಿಕ್ಕೆಯನ್ನು ಒಣಗಿದಂತೆಯೇ ಗುಡಿಸಬೇಡಿ. ಮೊದಲು ಬ್ಲೀಚಿಂಗ್ ಪುಡಿ ಕದಡಿದ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೈಗವಸು ಹಾಕಿ ಒರೆಸಿ ತೆಗೆಯಿರಿ.

ಸುಂಡಿಲಿ ಒಳಬರಲು ಪೆನ್ಸಿಲ್ ತೂರುವಷ್ಟು ಸಂದು ಸಾಕು. ದೊಡ್ಡ ಇಲಿಗೆ ಹೆಬ್ಬೆರಳು ತೂರುವಷ್ಟು. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಮನೆಯ ಸುತ್ತ ಒಂದು ಸುತ್ತು ಬನ್ನಿ. ನೀರಿನ ಪೈಪು, ಎಸಿ ಪೈಪು, ಕೇಬಲ್ ಗೋಡೆಗೆ ಹೊಕ್ಕಲ್ಲಿ ತೂತು ಇದೆಯೇ, ಹಿಂಬಾಗಿಲಿನ ಕೆಳಗೆ ಎಷ್ಟು ಸಂದಿದೆ, ಹಂಚಿನ ಮಾಡಿನ ಮೇಲೆ ತೆಂಗಿನ ಗರಿಯೋ ಹಲಸಿನ ಕೊಂಬೆಯೋ ಬಾಗಿ ಸೇತುವೆಯಾಗಿದೆಯೇ ನೋಡಿ. ತೂತಿಗೆ ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಒತ್ತಿ ತುಂಬಿ ಮೇಲೆ ಸಿಮೆಂಟು ಮೆತ್ತಿ. ಬರೀ ಸಿಮೆಂಟನ್ನು ಹಸಿಯಿರುವಾಗಲೇ ಕೆರೆದುಬಿಡುತ್ತವೆ. ಬಾಗಿಲ ಕೆಳಗೆ ತಗಡಿನ ಪಟ್ಟಿ ಹೊಡೆಸಿ. ಕೊಂಬೆ ಕಡಿಸಿ. ಕೋಳಿಗೆ ಹಾಕಿದ ಕಾಳು ರಾತ್ರಿ ಅಂಗಳದಲ್ಲಿ ಉಳಿಯದಿರಲಿ.

ಒಳಗಿರುವುದಕ್ಕೆ ಇಲಿಬೋನು. "ಬೋನಿಟ್ಟೆವು ಹಕೀಮರೇ, ಬೀಳಲೇ ಇಲ್ಲ" ಎನ್ನುವವರು ಬಹಳ. ಇಲಿ ಹೊಸ ವಸ್ತುವಿಗೆ ಹೆದರುತ್ತದೆ. ಮೊದಲ ಎರಡು ಮೂರು ರಾತ್ರಿ ಬೋನಿನ ಬಾಗಿಲನ್ನು ಕಟ್ಟಿ ತೆರೆದೇ ಇಟ್ಟು ಒಳಗೆ ತಿಂಡಿ ಇಡಿ. ತಿಂದು ರೂಢಿಯಾದ ಮೇಲೆ ಬೋನು ಹೂಡಿ. ಕೋಣೆಯ ನಡುವೆ ಇಟ್ಟರೆ ಪ್ರಯೋಜನವಿಲ್ಲ, ಅದು ಗೋಡೆಯಂಚಿನಲ್ಲೇ ಓಡಾಡುವುದು. ಕೆಂಡದಲ್ಲಿ ಸುಟ್ಟ ಕೊಬ್ಬರಿ ಚೂರು, ಒಣಮೀನಿನ ತಲೆ ಒಳ್ಳೆಯ ಎರೆಗಳು. ಅಂಟಿನ ಹಲಗೆಯನ್ನು ಮಾತ್ರ ಬಳಸಬೇಡಿ. ಇಲಿ ಅದರ ಮೇಲೆ ಚರ್ಮ ಹರಿದುಕೊಂಡು ಗಂಟೆಗಟ್ಟಲೆ ನರಳಿ ಸಾಯುತ್ತದೆ. ಕೊಲ್ಲಲೇಬೇಕಾದಾಗಲೂ ಹಿಂಸಿಸದೆ ಕೊಲ್ಲಬೇಕೆಂದು ಕಲಿತವರು ನಾವು. ಪಾಷಾಣ ತಿಂದ ಇಲಿಯಾದರೋ ಅಟ್ಟದ ಸಂದಿನಲ್ಲಿ ಸತ್ತು ವಾರಗಟ್ಟಲೆ ನಾರುತ್ತದೆ, ಅದನ್ನು ತಿಂದ ಬೆಕ್ಕೂ ಸಾಯುತ್ತದೆ. ಬೆಕ್ಕು ಓಡಾಡುವ ಮನೆಗೆ ಇಲಿ ಬರಲು ಅಳುಕುತ್ತದೆ. ಅದು ಬಾಯಿಟ್ಟ ನೀರನ್ನೂ ನಮ್ಮ ಧರ್ಮ ಅಶುದ್ಧವೆನ್ನಲಿಲ್ಲ. ಆದರೆ ಗರ್ಭಿಣಿಯರು ಬೆಕ್ಕಿನ ಮಲವನ್ನು ತಾವಾಗಿ ತೆಗೆಯಬಾರದು.

ಸೊಳ್ಳೆ

ಡೆಂಗಿ ತರುವ ಸೊಳ್ಳೆ ಕೊಳಚೆಯಲ್ಲಿ ಹುಟ್ಟುವುದಲ್ಲ. ಅದಕ್ಕೆ ಬೇಕಾದದ್ದು ತಿಳಿನೀರು, ಅದೂ ಒಂದು ತೆಂಗಿನ ಚಿಪ್ಪಿನಷ್ಟು. ಕಾಲಿನಲ್ಲಿ ಬಿಳಿ ಪಟ್ಟೆ, ಕಚ್ಚುವುದು ಹಗಲು, ಅದರಲ್ಲೂ ಬೆಳಿಗ್ಗೆ ಮತ್ತು ಅಸರ್ ನಂತರ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ಅಂದರೆ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಒಂದು ಸಂತತಿಯೂ ಹಾರಲಾರದು. ಶುಕ್ರವಾರ ಬೆಳಿಗ್ಗೆ ನಾವು ಹೇಗೂ ಸ್ನಾನ ಮಾಡಿ, ಉಗುರು ಕತ್ತರಿಸಿ, ಜುಮಾಕ್ಕೆ ಸಿದ್ಧರಾಗುತ್ತೇವೆ. ಅದಕ್ಕೆ ಮುಂಚಿನ ಅರ್ಧ ಗಂಟೆಯನ್ನು ಅಂಗಳಕ್ಕೆ ಕೊಡಿ.

ಏನು ನೋಡಬೇಕು? ಅಡಿಕೆ ಹಾಳೆ, ಚಿಪ್ಪು, ಹಳೆಯ ಟಯರ್, ಹೂಕುಂಡದ ಕೆಳಗಿನ ತಟ್ಟೆ, ಕಿಟಕಿಯ ಮನಿಪ್ಲಾಂಟ್ ಬಾಟಲಿ, ಸೌದೆಗೆ ಹೊದಿಸಿದ ಟಾರ್ಪಾಲಿನ ಮಡಿಕೆ, ಮಾಡಿನ ದಂಬೆಯಲ್ಲಿ ಕಸ ಸಿಕ್ಕಿ ನಿಂತ ನೀರು. ರಬ್ಬರ್ ತೋಟವಿದ್ದರೆ ಟ್ಯಾಪಿಂಗ್ ನಿಲ್ಲಿಸಿದ ಮಳೆಗಾಲದಲ್ಲಿ ಚಿಪ್ಪುಗಳನ್ನು ಕವುಚಿ ಇಡಬೇಕು. ಎಲ್ಲರೂ ಮರೆಯುವುದು ಫ್ರಿಜ್ಜಿನ ಹಿಂಬದಿ ತಳದಲ್ಲಿರುವ ತಟ್ಟೆಯನ್ನು. ನೀರು ಚೆಲ್ಲಿದರಷ್ಟೇ ಸಾಲದು, ಪಾತ್ರೆಯ ಒಳಬದಿಯನ್ನು ನಾರಿನಿಂದ ಉಜ್ಜಬೇಕು. ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಅಂಟಿದ ಮೊಟ್ಟೆಗಳು ಒಣಗಿ ತಿಂಗಳುಗಟ್ಟಲೆ ಇದ್ದು, ಮತ್ತೆ ನೀರು ಬಿದ್ದಾಗ ಒಡೆಯುತ್ತವೆ.

ಮಂಗಳೂರಿನ ಮಲೇರಿಯಾಕ್ಕೆ ಕಾರಣವಾದ ಸೊಳ್ಳೆ ಮಾಡಿನ ಮೇಲಿನ ಟ್ಯಾಂಕ್, ಕಟ್ಟಡ ಕಾಮಗಾರಿಯ ನಿಂತ ನೀರಿನಲ್ಲಿ ಬೆಳೆಯುವಂಥದ್ದು. ಟ್ಯಾಂಕಿನ ಮುಚ್ಚಳ ಸರಿಯಾಗಿ ಕೂರುತ್ತದೆಯೇ ಎಂದು ನೋಡಲು ಏಣಿ ಹತ್ತಿದವರು ನಮ್ಮಲ್ಲಿ ಎಷ್ಟು ಮಂದಿ? ಶೌಚದ ಗುಂಡಿಯ ಗಾಳಿಕೊಳವೆಯ ಬಾಯಿಗೆ ನೈಲಾನ್ ಬಲೆ ಕಟ್ಟಿ. ಬಾವಿಗೆ, ಮಸೀದಿಯ ವುಝೂ ಹೌಝ್‌ಗೆ ಗಪ್ಪಿ ಮೀನು ಬಿಡಿ. ಹೌಝ್‌ನಲ್ಲಿ ಮೀನು ಸಾಕುವುದು ಹಿರಿಯರ ಕಾಲದಿಂದ ಇರುವುದೇ. ನಲ್ಲಿಗಳು ಬಂದ ಮೇಲೆ ಹೌಝ್ ಬಳಸದೆ ನೀರು ಹಾಗೇ ನಿಂತಿದ್ದರೆ ಜಮಾಅತ್‌ನವರು ಅದನ್ನು ಒಣಗಿಸುವುದು ಒಳ್ಳೆಯದು. ಗಪ್ಪಿಯನ್ನು ಕೆರೆ, ಹೊಳೆಗೆ ಬಿಡಬೇಡಿ, ಅಲ್ಲಿನ ಮೀನುಗಳಿಗೆ ತೊಂದರೆ.

ಮಲಗಲು ಸೊಳ್ಳೆಪರದೆಗಿಂತ ಒಳ್ಳೆಯದು ಇನ್ನೂ ಬಂದಿಲ್ಲ. ಹಸುಗೂಸಿಗೆ ಹಗಲಿನಲ್ಲೂ ಬೇಕು. ದೊಡ್ಡವರು ಕೈಕಾಲಿಗೆ ಬೇವಿನೆಣ್ಣೆ ಬೆರೆಸಿದ ತೆಂಗಿನೆಣ್ಣೆ ಹಚ್ಚಿಕೊಳ್ಳಬಹುದು, 50 ಮಿಲಿ ತೆಂಗಿನೆಣ್ಣೆಗೆ 1 ಮಿಲಿ ಬೇವಿನೆಣ್ಣೆ ಸಾಕು. ರಾತ್ರಿಯ ಸೊಳ್ಳೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಡೆಂಗಿಯ ಹಗಲು ಸೊಳ್ಳೆಗೆ ಅಷ್ಟಾಗಿ ಇಲ್ಲ.

ಅಕ್ಕಿ, ಬೇಳೆಯ ಹುಳ

ಹುಳ ಬರುವುದು ತೇವದಿಂದ. ಮೇ ತಿಂಗಳ ಬಿಸಿಲಿನಲ್ಲಿ ಕಾಳುಗಳನ್ನು ಒಣಗಿಸಿ, ಪೂರ್ತಿ ಆರಿದ ಮೇಲೆ ಒಣ ಡಬ್ಬಕ್ಕೆ ತುಂಬಿ. ಹೆಸರು, ಕಡಲೆ, ಹುರುಳಿಗೆ ಒಂದಿಷ್ಟು ಹರಳೆಣ್ಣೆ ಸವರಿಡುವ ಅಜ್ಜಿಯರ ಪದ್ಧತಿ ಬರೀ ನಂಬಿಕೆಯಲ್ಲ. ಎಣ್ಣೆಯ ಪದರ ಕಾಳಿನ ಮೇಲಿಟ್ಟ ಮೊಟ್ಟೆಯನ್ನು ಉಸಿರುಗಟ್ಟಿಸುತ್ತದೆ. ಅಕ್ಕಿಗೆ ಒಣ ಬೇವಿನೆಲೆ, ಒಣಮೆಣಸು. ರವೆ, ಮೈದಾ ತಂದ ಕೂಡಲೇ ನಾಲ್ಕು ದಿನ ಫ್ರೀಜರಿನಲ್ಲಿಟ್ಟರೆ ಅದರೊಳಗಿನ ಮೊಟ್ಟೆಗಳು ಸಾಯುತ್ತವೆ. ಹೊಸ ಅಕ್ಕಿಯನ್ನು ಹಳೆಯದರ ಮೇಲೆ ಸುರಿಯಬೇಡಿ.

ಗಲ್ಫಿನಿಂದ ಬರುವ ತಿಗಣೆ

ನಮ್ಮ ಊರುಗಳಲ್ಲಿ ಮರೆತೇ ಹೋಗಿದ್ದ ತಿಗಣೆ ಈಗ ಸೂಟ್‌ಕೇಸುಗಳಲ್ಲಿ ಬರುತ್ತಿದೆ. ಒಂದೇ ಕೋಣೆಯಲ್ಲಿ ಎಂಟು ಹತ್ತು ಮಂದಿ ಮಂಚದ ಮೇಲೆ ಮಂಚ ಹಾಕಿ ಮಲಗುವ ಕ್ಯಾಂಪುಗಳಿಂದ ರಜೆಗೆ ಬರುವವರ ಜೊತೆ ಅದೂ ಬರುತ್ತದೆ. ಬಂದವರ ಶುಚಿತ್ವದ ಬಗ್ಗೆ ಯಾರೂ ಮಾತನಾಡಬೇಡಿ. ತಿಗಣೆ ದೊಡ್ಡ ಹೋಟೆಲುಗಳಲ್ಲೂ ಇದೆ, ಅದಕ್ಕೆ ಬೇಕಾದದ್ದು ಕೊಳೆಯಲ್ಲ, ರಕ್ತ.

ಸೂಟ್‌ಕೇಸನ್ನು ಮಂಚದ ಮೇಲೆ ತೆರೆಯಬೇಡಿ. ಜಗಲಿಯಲ್ಲೇ ತೆರೆದು, ಬಟ್ಟೆಗಳನ್ನು ನೇರವಾಗಿ ಕುದಿಯುವಷ್ಟು ಬಿಸಿಯಾದ ನೀರಿಗೆ ಹಾಕಿ. ಒಗೆಯಲಾಗದ್ದನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನಡುಬಿಸಿಲಿನಲ್ಲಿ ಇಡೀ ದಿನ ಇಡಿ, ನಡುವೆ ಮಗುಚಿ. 50 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ತಿಗಣೆ, ಮೊಟ್ಟೆ ಎರಡೂ ಉಳಿಯವು. ಮಂಚದ ಕೀಲು, ಹಾಸಿಗೆಯ ಹೊಲಿಗೆಯ ಸಾಲಿನಲ್ಲಿ ಕಪ್ಪು ಚುಕ್ಕೆಗಳು ಕಂಡರೆ ಅಲ್ಲಿಗೆ ಕುದಿನೀರು. ಸೀಮೆಎಣ್ಣೆ ಸುರಿಯುವ ಹಳೆಯ ಪದ್ಧತಿ ಬೇಡ, ಬೆಂಕಿಯ ಅಪಾಯವಿದೆ. ತಿಗಣೆ ಊಟವಿಲ್ಲದೆ ತಿಂಗಳುಗಟ್ಟಲೆ ಇರಬಲ್ಲದು, ಆದ್ದರಿಂದ ಒಂದೇ ದಿನಕ್ಕೆ ಬಿಡದೆ ವಾರಕ್ಕೊಮ್ಮೆಯಂತೆ ಎರಡು ತಿಂಗಳು ನೋಡಿಕೊಳ್ಳಿ. ಸಮಾಧಾನದ ಸಂಗತಿಯೆಂದರೆ ಅದು ತುರಿಕೆ ತರುತ್ತದೆಯೇ ಹೊರತು ಸೊಳ್ಳೆಯಂತೆ ರೋಗ ಹರಡುವುದಿಲ್ಲ.

ಇರುವೆಗಳಿಗಂತೂ ವಿಷವೇ ಬೇಡ. ಅವು ಬಂದ ಸಾಲನ್ನು ಸೋಪುನೀರಿನಿಂದ ಒರೆಸಿದರೆ ದಾರಿ ತಪ್ಪಿ ಹಿಂದಿರುಗುತ್ತವೆ. ಸಕ್ಕರೆ ಡಬ್ಬವನ್ನು ನೀರಿನ ತಟ್ಟೆಯಲ್ಲಿಡಿ. ನೊಣದ ಬಗ್ಗೆ ಒಂದೇ ಮಾತು: ಬಕ್ರೀದ್ ದಿನ ಕರುಳು, ರಕ್ತ, ತ್ಯಾಜ್ಯವನ್ನು ಅಂದೇ ಎರಡು ಮೂರು ಅಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ. ತೆರೆದಲ್ಲಿ ಬಿಟ್ಟರೆ ವಾರ ಹತ್ತು ದಿನದಲ್ಲಿ ಅದರ ಮರಿಗಳೇ ನಿಮ್ಮ ಅಡುಗೆಮನೆಗೆ ಬರುತ್ತವೆ.

"ನೈಸರ್ಗಿಕ" ಎಂದರೆ ನಿರಪಾಯವಲ್ಲ

ನಾನು ಯೂನಾನಿಯವನಾದ್ದರಿಂದಲೇ ಇದನ್ನು ಹೇಳಬೇಕು. ಕರ್ಪೂರದ ಒಂದೆರಡು ಬಿಲ್ಲೆ ನುಂಗಿದ ಮಗುವಿಗೆ ಫಿಟ್ಸ್ ಬರಬಹುದು. ಬೇವಿನೆಣ್ಣೆಯನ್ನು ಹುಳಕ್ಕೆಂದು ಎಳೆ ಮಗುವಿಗೆ ಕುಡಿಸಿ ಮಿದುಳಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಬೋರಿಕ್ ಪುಡಿಯನ್ನು ಹಿಟ್ಟು, ಸಕ್ಕರೆಯಲ್ಲಿ ಕಲಸಿ ಜಿರಳೆಗೆ ಉಂಡೆ ಇಡುವುದು ಪರಿಣಾಮಕಾರಿ ನಿಜ, ಆದರೆ ಆ ಉಂಡೆ ಮಗುವಿನ ಕಣ್ಣಿಗೆ ಲಾಡು. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಬೇಡ.

ಇಷ್ಟೆಲ್ಲ ಮಾಡಿಯೂ ಹತೋಟಿಗೆ ಬಾರದೆ, ಹಳೆಯ ಕಟ್ಟಡದ ಚಿಕ್ಕ ಜಿರಳೆಗೋ ಗೆದ್ದಲಿಗೋ ಹೊರಗಿನವರನ್ನು ಕರೆಸಬೇಕಾಗಬಹುದು. ಆಗ ಪರವಾನಗಿ ಇದೆಯೇ, ಯಾವ ರಾಸಾಯನಿಕ ಬಳಸುತ್ತೀರಿ ಎಂದು ಕೇಳಿ, ಹೆಸರನ್ನು ಬರೆದಿಟ್ಟುಕೊಳ್ಳಿ. ಜಿರಳೆಗಾದರೆ ಸಿಂಪಡಣೆಯ ಬದಲು ಸಂದಿಗಳಲ್ಲಿ ಚುಕ್ಕೆ ಚುಕ್ಕೆಯಾಗಿ ಇಡುವ ಜೆಲ್ ಸಾಕೇ ಎಂದು ವಿಚಾರಿಸಿ. ಸಿಂಪಡಿಸುವುದಾದರೆ ಗರ್ಭಿಣಿ, ಬಾಣಂತಿ, ಮಕ್ಕಳು, ದಮ್ಮಿನ ರೋಗಿಗಳನ್ನು ಅಂದು ಬೇರೆ ಮನೆಗೆ ಕಳಿಸಿ. ಕುಡಿಯುವ ನೀರು, ಪಾತ್ರೆ, ಆಟಿಕೆ, ಮುಸಲ್ಲಾಗಳನ್ನು ಮೊದಲೇ ಹೊರಗೆ ಸಾಗಿಸಿ. ಸಿಂಪಡಿಸಿದ ವಿಷ ಇಳಿದು ಕೂರುವುದು ನೆಲದ ಮೇಲೆ. ಅಲ್ಲೇ ಮಗು ಅಂಬೆಗಾಲಿಕ್ಕುತ್ತದೆ, ಅಲ್ಲೇ ನಾವು ಸುಜೂದ್‌ನಲ್ಲಿ ಹಣೆ, ಮೂಗು ತಾಗಿಸಿ ಉಸಿರಾಡುತ್ತೇವೆ. ಅವರು ಹೇಳಿದಷ್ಟು ಗಂಟೆ ಕಳೆದ ಮೇಲೆ ಎಲ್ಲ ಕಿಟಕಿ ತೆರೆದು, ಓಡಾಡುವ ನೆಲವನ್ನು ಸೋಪುನೀರಿನಿಂದ ಒರೆಸಿ, ಒಣಗಿದ ನಂತರವೇ ಮುಸಲ್ಲಾ ಹಾಸಿ.